ಮಕ್ಕಳು ಬೆಟ್ಟಕ್ಕೆ ಹೊರಟಾಗ ನೆನಪಿಡಬೇಕಾದ ಆರು ವಿಷಯಗಳು

ಕಳೆದ ವರ್ಷ ತಾಯಿಯೊಬ್ಬರು ಮಗನನ್ನು ನನ್ನ ದವಾಖಾನೆಗೆ ಕರೆತಂದರು. ಶಾಲೆಯ ಮಕ್ಕಳೊಂದಿಗೆ ಕೊಡಚಾದ್ರಿಗೆ ಹೋಗಿದ್ದ ಹುಡುಗನಿಗೆ ರಾತ್ರಿ ಉಬ್ಬಸ ಬಂದಿತ್ತು. ಇನ್‌ಹೇಲರ್ ಮನೆಯಲ್ಲೇ ಉಳಿದಿತ್ತು. ಜೀಪಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದ್ದರಿಂದ ಅಪಾಯ ತಪ್ಪಿತು. "ಕಾಯಿಲೆ ಇದೆ ಎಂದು ಬರೆದರೆ ಕರೆದುಕೊಂಡು ಹೋಗುವುದಿಲ್ಲವೇನೋ ಎಂದು ಬರೆಯಲಿಲ್ಲ ಡಾಕ್ಟ್ರೇ" ಎಂದರು ತಾಯಿ.

ಆರೋಗ್ಯಕ್ಕೆ ಅನಿವಾರ್ಯವಾದ ಆರು ಕಾರಣಗಳನ್ನು ಯುನಾನಿ ವೈದ್ಯಶಾಸ್ತ್ರ 'ಅಸ್ಬಾಬೆ ಸಿತ್ತಾ ಝರೂರಿಯಾ' ಎನ್ನುತ್ತದೆ. ಬೆಟ್ಟದ ಪ್ರವಾಸಕ್ಕೂ ಇದೇ ಪಾಠ ಸಾಕು.

1. ಗಾಳಿ: ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಕೊಡಚಾದ್ರಿಯ ಎತ್ತರ 1,343 ಮೀಟರ್. ಕರಾವಳಿಯ ಸೆಖೆಯಲ್ಲಿ ಬೆಳೆದ ಮಗುವಿಗೆ ಅಲ್ಲಿಯ ರಾತ್ರಿ ಚಳಿ ಹೊಸದು. ಬೆವರಿದ ಬಟ್ಟೆಯಲ್ಲೇ ಮಲಗಬಾರದು. ಒಂದು ಜೊತೆ ಒಣ ಬಟ್ಟೆ, ಸ್ವೆಟರ್, ಟೋಪಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡಿ.

2. ಆಹಾರ, ನೀರು: ಖರ್ಜೂರ, ಕಡಲೆ, ಬೆಲ್ಲ ಹಗುರ ಬುತ್ತಿ. ತೊರೆಯ ನೀರು ಎಷ್ಟೇ ತಿಳಿಯಾಗಿದ್ದರೂ ಕುದಿಸದೆ ಕುಡಿಯಬಾರದು. ಭೇದಿಯಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮತಟ್ಟು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ ಕುಡಿಸಬೇಕು.

3. ದೇಹದ ಚಲನೆ, ವಿಶ್ರಾಂತಿ: ಹೊಸ ಬೂಟು ಬೇಡ. ಒಂದೆರಡು ವಾರ ಹಾಕಿ ಪಳಗಿದ ಬೂಟು, ಹತ್ತಿಯ ಬದಲು ಬೇಗ ಒಣಗುವ ಕಾಲುಚೀಲ ಇರಲಿ. ವುಝೂ ಮಾಡಿದ ಬಳಿಕ ಬೆರಳ ಸಂದುಗಳನ್ನು ಒರೆಸಿಯೇ ಕಾಲುಚೀಲ ಹಾಕಬೇಕು. ಒದ್ದೆ ಕಾಲಿಗೆ ಬೊಕ್ಕೆ ಬೇಗ ಏಳುತ್ತದೆ.

4. ಮನಸ್ಸು: ಗುಂಪಿನ ನಡಿಗೆ ಅತಿ ನಿಧಾನವಾಗಿ ನಡೆಯುವ ಮಗುವಿನ ನಡಿಗೆಯಾಗಿರಲಿ. ಹಿಂದುಳಿದವರನ್ನು ಗೇಲಿ ಮಾಡಿದರೆ ಅವರು ದಣಿವನ್ನೂ ನೋವನ್ನೂ ಮುಚ್ಚಿಡುತ್ತಾರೆ.

5. ನಿದ್ರೆ: ಹರಟೆಯಲ್ಲಿ ರಾತ್ರಿ ಕಳೆದರೆ ಬೆಳಿಗ್ಗೆ ಇಳಿಯುವಾಗ ಕಾಲು ತಪ್ಪುತ್ತದೆ.

6. ವಿಸರ್ಜನೆ: ಶೌಚಾಲಯವಿಲ್ಲವೆಂದು ಹೆಣ್ಣು ಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ, ಮೂತ್ರ ತಡೆಹಿಡಿಯುತ್ತಾರೆ. ಇದರಿಂದ ಮೂತ್ರದ ಸೋಂಕು ಬರುತ್ತದೆ. ಜೊತೆಗೆ ಶಿಕ್ಷಕಿಯರಿರುವರೇ, ಮರೆಯಾದ ಜಾಗವಿದೆಯೇ ಎಂದು ಮೊದಲೇ ಕೇಳಿ. ತಿಂಗಳ ದಿನ ಹತ್ತಿರವಿಲ್ಲದಿದ್ದರೂ ಪ್ಯಾಡ್ ಜೊತೆಗಿರಲಿ.

ಇನ್ನೆರಡು ಮಾತು. ಇಂಬಳ ಕಚ್ಚಿದರೆ ಗಾಬರಿ ಬೇಡ. ಯುನಾನಿಯಲ್ಲಿ ನಾವು ಅದನ್ನು ಚಿಕಿತ್ಸೆಗೂ ಬಳಸುತ್ತೇವೆ. ಜಗ್ಗಿ ಎಳೆಯದೆ ಉಗುರಿನಿಂದ ಬಾಯಿಯ ಬಳಿ ಮೆಲ್ಲಗೆ ಸರಿಸಿ, ಸೋಪಿನಲ್ಲಿ ತೊಳೆದು, ಶುಭ್ರ ಬಟ್ಟೆಯಿಂದ ಒತ್ತಿ ಹಿಡಿಯಬೇಕು. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ ಸ್ವಲ್ಪ ಹೊತ್ತು ರಕ್ತ ಒಸರುತ್ತದೆ.

ಆದರೆ ಉಣ್ಣೆ ಹುಳವನ್ನು ಕಡೆಗಣಿಸಬೇಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಇದರಿಂದಲೇ. ಮಳೆಗಾಲ ಕಳೆದ ಒಣ ತಿಂಗಳುಗಳಲ್ಲಿ, ಡಿಸೆಂಬರಿನಿಂದ ಮೇವರೆಗೆ, ಇದರ ಕಾಟ ಹೆಚ್ಚು. ಹೊರಡುವ ಮುನ್ನ ಆ ಭಾಗದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ತುಂಬು ತೋಳು, ಉದ್ದ ಪ್ಯಾಂಟ್ ಹಾಕಿಸಿ. ಸತ್ತ ಮಂಗದ ಬಳಿ ಹೋಗದಂತೆ ಹೇಳಿ. ಮನೆಗೆ ಬಂದೊಡನೆ ಬಿಸಿನೀರಿನ ಸ್ನಾನ ಮಾಡಿಸಿ, ಕಂಕುಳು, ಕಿವಿಯ ಹಿಂಭಾಗ, ತೊಡೆಸಂದು ನೋಡಿ. ಎರಡು ವಾರದೊಳಗೆ ಜ್ವರ, ತೀವ್ರ ತಲೆನೋವು ಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಆಸ್ಪತ್ರೆಗೆ ಹೋಗಿ, ಮಗು ಕಾಡಿಗೆ ಹೋಗಿತ್ತೆಂದು ಹೇಳಿ.

ಕೊನೆಯದಾಗಿ, ಶಾಲೆಯ ಅರ್ಜಿಯಲ್ಲಿ ಉಬ್ಬಸ, ಫಿಟ್ಸ್, ಸಕ್ಕರೆ ಕಾಯಿಲೆ, ಅಲರ್ಜಿ ಏನಿದ್ದರೂ ಬರೆಯಿರಿ. ಔಷಧವನ್ನು ಮಗುವಿನ ಕೈಗೂ ಶಿಕ್ಷಕರ ಕೈಗೂ ಕೊಡಿ. ಮಗು ನಿಮಗೆ ಅಲ್ಲಾಹನು ಒಪ್ಪಿಸಿದ ಅಮಾನತ್ತು. ಅದನ್ನು ಒಂದು ರಾತ್ರಿಗೆ ಶಿಕ್ಷಕರ ಕೈಗೆ ಒಪ್ಪಿಸುವಾಗ ನಿಜ ಹೇಳಿಯೇ ಒಪ್ಪಿಸಿ.