ಗಂಟೆಯ ಗ್ಯಾರಂಟಿ ಇಲ್ಲದ ಕೆಲಸ

ಬ್ರಿಟನ್ನಿಗೆ ಓದಲು ಹೊರಟಿದ್ದೀರಾ? ಅಲ್ಲಿನ ಕೆಫೆ, ಗೋದಾಮುಗಳಲ್ಲಿ ‘ಝೀರೋ ಅವರ್ಸ್’ ಕೆಲಸ ಸಿಗಬಹುದು. ಕರೆದರೆ ದುಡಿಮೆ, ಕರೆಯದಿದ್ದರೆ ಇಲ್ಲ. ಪರೀಕ್ಷೆಯ ವಾರ ‘ಬರಲಾಗದು’ ಎನ್ನಬಹುದು. ಅದು ನಿಜಕ್ಕೂ ದೊಡ್ಡ ಅನುಕೂಲ. ಆದರೆ ಎರಡು ಸಲ ಒಲ್ಲೆ ಎಂದವರನ್ನು ಮ್ಯಾನೇಜರು ಮೂರನೇ ಸಲ ಮರೆತೇಬಿಡುವುದೂ ಉಂಟು. ಮನೆ ಬಾಡಿಗೆಯನ್ನಂತೂ ಈ ಸಂಬಳ ನೆಚ್ಚಿ ಒಪ್ಪಿಕೊಳ್ಳಬೇಡಿ. ಕನಿಷ್ಠ ವೇತನ, ಸಂಬಳಸಹಿತ ರಜೆ ನಿಮಗೂ ಉಂಟು. ಸಂಕೋಚ ಬಿಟ್ಟು ಕೇಳಿ. ಬೇರೆಡೆ ದುಡಿಯಕೂಡದೆಂಬ ಷರತ್ತು 2015ರಿಂದ ಊರ್ಜಿತವಲ್ಲ. ಹಾಗೆಂದು ಎರಡು ಕಡೆ ಸೇರಿಕೊಂಡು ಲೆಕ್ಕ ತಪ್ಪೀರಿ! ವಿದ್ಯಾರ್ಥಿ ವೀಸಾದಲ್ಲಿ ಪದವಿ, ಸ್ನಾತಕೋತ್ತರ ಓದುವವರಿಗೆ ತರಗತಿಗಳ ಅವಧಿಯಲ್ಲಿ ಎಲ್ಲ ಕೆಲಸ ಸೇರಿ ವಾರಕ್ಕೆ 20 ಗಂಟೆಯೇ ಮಿತಿ. ಈ ವಾರ ಹತ್ತೇ ಗಂಟೆ ಸಿಕ್ಕಿತೆಂದು ಮುಂದಿನ ವಾರ ಮೂವತ್ತು ದುಡಿದರೆ ವೀಸಾಕ್ಕೇ ಕುತ್ತು.