ತೆರೆಗೆ ಬಾರದ ಮನದ ಮಾತು

ಚಿತ್ರಕಥೆ ಬರೆಯುವುದನ್ನೇ ವೃತ್ತಿಯಾಗಿ ಹಿಡಿದಿರುವ ನನಗೆ ಈ ಕೆಲಸದ ನಿಜವಾದ ಕಷ್ಟ ಎಲ್ಲಿ ಅಡಗಿದೆಯೆಂಬುದು ಮನವರಿಕೆಯಾದದ್ದು, ಫ್ರಾಂಕ್ ಹರ್ಬರ್ಟನ ‘ಡ್ಯೂನ್’ ಎಂಬ ವೈಜ್ಞಾನಿಕ ಕಾದಂಬರಿಯ ಒಂದು ಅಧ್ಯಾಯವನ್ನು, ಯಾವ ನಿರ್ಮಾಪಕನ ಅಪೇಕ್ಷೆಯೂ ಇಲ್ಲದೆ ಕೇವಲ ಕೈಪಳಗಲೆಂದು, ದೃಶ್ಯಗಳಾಗಿ ವಿಂಗಡಿಸಲು ಕುಳಿತಾಗ. 1965ರಲ್ಲಿ ಗ್ರಂಥರೂಪದಲ್ಲಿ ಹೊರಬಂದ ಆ ಕೃತಿಯನ್ನು ಕುರಿತು ಮಾತನಾಡುವವರು, ಹನಿ ನೀರಿಗೂ ಹಾಹಾಕಾರವಿರುವ ಅರಾಕಿಸ್ ಗ್ರಹದ ಮರುಭೂಮಿಯನ್ನೂ, ಅದರೊಳಗಿಂದ ಮೇಲೇಳುವ ಭೀಮಕಾಯದ ಮರಳುಹುಳುಗಳನ್ನೂ ತೆರೆಯ ಮೇಲೆ ತರುವುದೇ ದುಸ್ಸಾಧ್ಯವೆನ್ನುವುದುಂಟು. ನನಗೆ ಹಾಗೆ ತೋರುವುದಿಲ್ಲ. ಹಣವೂ ನುರಿತ ಕುಶಲಿಗಳೂ ಒದಗಿದರೆ ಹುಳು ಹೇಗೋ ಎದ್ದು ಬರುತ್ತದೆ, ಎದ್ದು ಬಾರದಿರುವುದು ಪಾತ್ರದ ಮನಸ್ಸಿನೊಳಗಿನ ಮಾತು.

ನಾನು ಆರಿಸಿಕೊಂಡದ್ದು ಅರಾಕೀನ್ ನಗರದ ಅರಮನೆಯಲ್ಲಿ ಡ್ಯೂಕ್ ಲೀಟೋ ಏರ್ಪಡಿಸುವ ಔತಣದ ಪ್ರಸಂಗ. ಅತಿಥಿಗಳು ಕೈತೊಳೆದು ನೆಲಕ್ಕೆ ಚೆಲ್ಲಿದ ನೀರಿನಲ್ಲಿ ತೊಯ್ದ ಟವೆಲುಗಳನ್ನು ಹಿಂಡಿ, ಬಂದಷ್ಟನ್ನು ಬಾಗಿಲಲ್ಲಿ ನೆರೆದ ಭಿಕ್ಷುಕರ ಪಾಲಿಗೆ ಬಿಡುವ ಹಳೆಯ ಪದ್ಧತಿಯನ್ನು ಡ್ಯೂಕ್ ಅಲ್ಲಿ ನಿಲ್ಲಿಸುತ್ತಾನೆ; ಇಷ್ಟನ್ನು ಕ್ಯಾಮೆರಾ ಅನಾಯಾಸವಾಗಿ ಹಿಡಿಯಬಲ್ಲುದು. ಆದರೆ ಬ್ಯಾಂಕಿನ ಪ್ರತಿನಿಧಿಯೊಬ್ಬನ ಮಾತಿನ ಧಾಟಿಯನ್ನು ಆಲಿಸುತ್ತಲೇ, ಇವನು ಶತ್ರುಪಕ್ಷದವನೆಂದು ಡ್ಯೂಕನ ಸಂಗಾತಿ ಜೆಸ್ಸಿಕಾ ಕಂಡುಕೊಳ್ಳುವಳಲ್ಲ, ಆ ತರ್ಕದ ಸರಣಿಯೆಲ್ಲ ನಡೆಯುವುದು ಅವಳ ಅಂತರಂಗದಲ್ಲಿ. ಅದನ್ನು ತೆಗೆದಮೇಲೆ ನನ್ನ ಹಾಳೆಯಲ್ಲಿ ಉಳಿದದ್ದು ಉಣ್ಣುತ್ತ ಕುಳಿತ ಒಂದು ಪಂಕ್ತಿ, ಅಷ್ಟೆ.

1984ರಲ್ಲಿ ಈ ಕಾದಂಬರಿಯನ್ನು ಚಿತ್ರವಾಗಿಸಿದ ಡೇವಿಡ್ ಲಿಂಚ್ ಈ ತೊಡಕಿಗೆ ಕಂಡುಕೊಂಡ ಉಪಾಯ, ಪಾತ್ರಗಳ ಯೋಚನೆಯನ್ನು ಪಿಸುದನಿಯಲ್ಲಿ ಹಿನ್ನೆಲೆಯಿಂದ ಕೇಳಿಸುವುದು. ಪಿಸುಮಾತು ಮುಗಿಯುವ ತನಕ ನಟರು ಕಣ್ಣು ಕೀಲಿಸಿ ಕಾಯುತ್ತಿರುವಂತೆ ನನಗೆ ಭಾಸವಾಗುತ್ತದೆ. 2021ರ ತನ್ನ ಚಿತ್ರದಲ್ಲಿ ಡೆನಿ ವಿಲ್ನೂವ್ ಹಿಡಿದ ದಾರಿ ಬೇರೆ. ಪೆಟ್ಟಿಗೆಯೊಳಗೆ ಕೈಯಿಟ್ಟು ಅಸಹ್ಯ ಯಾತನೆಯನ್ನು ಸಹಿಸಬೇಕಾದ ಪರೀಕ್ಷೆಯ ಸಂದರ್ಭದಲ್ಲಿ, ಕಾದಂಬರಿಯ ನಾಯಕನೂ ಲೀಟೋ-ಜೆಸ್ಸಿಕಾರ ಮಗನೂ ಆದ ಪಾಲ್ ಭಯನಿವಾರಣೆಯ ಮಂತ್ರವನ್ನು ಮನಸ್ಸಿನಲ್ಲೇ ಸ್ಮರಿಸುತ್ತಾನೆ. ತಾಯಿಯನ್ನು ಬಾಗಿಲ ಕಾವಲಿಗೆಂದು ಹೊರಗೆ ಕಳುಹಿಸಿದ ಹರ್ಬರ್ಟ್ ಅವಳ ಹಿಂದೆ ಹೋಗುವುದಿಲ್ಲ. ನಿರ್ದೇಶಕನು ಹೋದನು. ಮುಚ್ಚಿದ ಬಾಗಿಲಿನ ಆಚೆ ನಡುಗುತ್ತ ನಿಂತ ಜೆಸ್ಸಿಕಾಳ ತುಟಿಗಳಿಗೆ ಆ ಮಂತ್ರವನ್ನು ಒಪ್ಪಿಸಿದ್ದರಿಂದ, ಮಗನ ಸಂಕಟವೂ ತಾಯಿಯ ಅಪರಾಧಭಾವವೂ ಏಕಕಾಲದಲ್ಲಿ ಪ್ರತ್ಯಕ್ಷವಾದವು. ಮನಸ್ಸಿನೊಳಗಿನ ಮಾತಿಗೆ ಅದೇ ಮನಸ್ಸಿನಲ್ಲಿ ಎಡೆ ದೊರೆಯದಿದ್ದರೆ, ಬಳಿಯಲ್ಲಿರುವ ಇನ್ನೊಬ್ಬರ ಮೈಯಲ್ಲಿ ಎಡೆ ಹುಡುಕಬೇಕೆಂಬುದನ್ನು ನಾನು ಕಲಿತದ್ದು ಈ ದೃಶ್ಯದಿಂದ.

2024ರ ಎರಡನೆಯ ಭಾಗದಲ್ಲಿಯೂ ಇದೇ ಯುಕ್ತಿ. ತನ್ನ ಹೆಸರಿನಲ್ಲಿ ನಡೆಯಲಿರುವ ಧರ್ಮಯುದ್ಧವನ್ನು ಕುರಿತು ಕಾದಂಬರಿಯ ಪಾಲ್ ಒಳಗೊಳಗೇ ಪಡುವ ಶಂಕೆ, ಚಿತ್ರದಲ್ಲಿ ಅವನ ಪ್ರೇಯಸಿ ಚಾನಿಯ ನಿಷ್ಠುರ ಮುಖವಾಗಿದೆ. ಮೂಲದಲ್ಲಿ ಅವನ ಪಕ್ಕದಲ್ಲಿಯೇ ಉಳಿಯುವ ಅವಳು ಇಲ್ಲಿ ಅವನನ್ನು ತೊರೆದು ನಡೆಯುತ್ತಾಳೆ. ಮೂಲನಿಷ್ಠರು ಸಿಡಿಮಿಡಿಗೊಂಡರೂ, ವೀರನಾಯಕರನ್ನು ಕುರುಡಾಗಿ ನಂಬಬಾರದೆಂಬ ಲೇಖಕನ ಎಚ್ಚರಿಕೆಗೆ ಇದರಿಂದ ಬಲವೇ ಬಂದಿತೆಂದು ನನ್ನ ಮತ.

ಬದಲಾವಣೆಯೆಲ್ಲ ಕ್ಷಮ್ಯವೆಂದೇನೂ ಅಲ್ಲ. ಲಿಂಚನ ಚಿತ್ರ ಅರಾಕಿಸ್‌ನಲ್ಲಿ ಮಳೆ ಸುರಿಯುವುದರೊಂದಿಗೆ ಮುಗಿಯುತ್ತದೆ. ಆ ಲೋಕದಲ್ಲಿ ನೀರು ಹುಳುಗಳಿಗೆ ವಿಷ. ಹುಳುಗಳಿಲ್ಲದೆ ಸ್ಪೈಸ್ ಎಂಬ ಅಮೂಲ್ಯ ದ್ರವ್ಯವಿಲ್ಲ. ಅದಿಲ್ಲದೆ ನಕ್ಷತ್ರಯಾನವೂ ಸಾಮ್ರಾಜ್ಯವೂ ಇಲ್ಲ. ಪಾತ್ರ, ಪ್ರಸಂಗಗಳನ್ನು ಬಿಡಬಹುದು, ಈ ಕಾರ್ಯಕಾರಣದ ಕೊಂಡಿಯನ್ನು ಕತ್ತರಿಸಲಾಗದು.

ನನ್ನ ಔತಣವನ್ನು ಕಡೆಗೆ ಕೈಬಿಟ್ಟೆ. ಅದು ಲಿಂಚನ ಚಿತ್ರದಲ್ಲಿಯೂ ಇಲ್ಲ, ವಿಲ್ನೂವನ ಚಿತ್ರದಲ್ಲಿಯೂ ಇಲ್ಲ. ಚಿತ್ರಕಥೆಯಲ್ಲಿ ಆಸಕ್ತಿಯುಳ್ಳ ಓದುಗರು ಪೆಟ್ಟಿಗೆಯ ಪರೀಕ್ಷೆಯ ಅಧ್ಯಾಯವನ್ನು ಮೊದಲು ಓದಿ, ಆ ಬಳಿಕ ಎರಡೂ ಚಿತ್ರಗಳಲ್ಲಿ ಅದೊಂದು ದೃಶ್ಯವನ್ನು ನೋಡಬೇಕೆಂದು ಕೋರುತ್ತೇನೆ.