ಶುದ್ಧಾಹಾರವು ಹಣವಂತರ ವ್ರತವೇ?

ಕಳೆದ ದಶಲಕ್ಷಣ ಪರ್ವದಲ್ಲಿ, ಉತ್ತಮ ತ್ಯಾಗಧರ್ಮದ ದಿನ, ಬಸದಿಯಲ್ಲಿ ಸ್ವಾಧ್ಯಾಯವು ಮುಗಿದ ಬಳಿಕ ಸಹೋದರಿಯೊಬ್ಬರು ನನ್ನನ್ನು ತಡೆದು ಹೀಗೆ ಕೇಳಿದರು: "ಮೇಷ್ಟ್ರೇ, ನೀವು ಹೇಳುವ ಶುದ್ಧಾಹಾರ ನಮ್ಮಂಥವರಿಗೆ ನಿಲುಕುವ ಮಾತೇ? ಹತ್ತು ರೂಪಾಯಿಯ ಪೊಟ್ಟಣದಿಂದ ಮಗುವಿನ ಅಳು ನಿಲ್ಲುತ್ತದೆ. ಹತ್ತು ರೂಪಾಯಿಗೆ ಒಂದು ಸೇಬು ಕೂಡ ಬರುವುದಿಲ್ಲ." ಅವರು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ದುಡಿಯುವವರು. ಆಗ ನಾನಿತ್ತ ಉತ್ತರವು ನನಗೇ ಸಮಾಧಾನವನ್ನು ತರಲಿಲ್ಲ. ಆದುದರಿಂದ ಈ ವಿಷಯವನ್ನು ಶಾಸ್ತ್ರದ ದೃಷ್ಟಿಯಿಂದಲೂ ಲೆಕ್ಕದ ದೃಷ್ಟಿಯಿಂದಲೂ ಇಲ್ಲಿ ವಿಚಾರಿಸುತ್ತೇನೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗೋಪಭೋಗ ಪರಿಮಾಣವ್ರತವನ್ನು ನಿರೂಪಿಸುವಾಗ ತ್ಯಾಜ್ಯ ವಸ್ತುಗಳನ್ನು ಹಲವು ಬಗೆಯಾಗಿ ವಿಂಗಡಿಸಿದ್ದಾರೆ. ತ್ರಸಜೀವಗಳ ಘಾತದಿಂದ ಬರುವ ಮಧು ಮಾಂಸಗಳು, ಪ್ರಮಾದವನ್ನುಂಟುಮಾಡುವ ಮದ್ಯ, ಅಲ್ಪ ಫಲಕ್ಕಾಗಿ ಬಹುಘಾತವಾಗುವ ಮೂಲಂಗಿ, ಹಸಿಶುಂಠಿ ಮೊದಲಾದವು, ಇವನ್ನು ನಮ್ಮ ಮನೆಗಳಲ್ಲಿ ಮಕ್ಕಳೂ ಬಲ್ಲರು. ಆದರೆ 'ಅನಿಷ್ಟ'ವೆಂಬ ಇನ್ನೊಂದು ಬಗೆಯನ್ನು ನಾವು ಮರೆತಂತಿದೆ. ಹಿಂಸೆಯ ದೃಷ್ಟಿಯಿಂದ ದೋಷವಿಲ್ಲದಿದ್ದರೂ ಶರೀರಪ್ರಕೃತಿಗೆ ಒಗ್ಗದೆ ರೋಗಕ್ಕೆ ಕಾರಣವಾಗುವ ವಸ್ತುವೇ ಅನಿಷ್ಟ. ಅದನ್ನೂ ವ್ರತಿಯು ಬಿಡತಕ್ಕದ್ದು. ಆರೋಗ್ಯದ ವಿಚಾರವು ವೈದ್ಯರಿಗೆ ಮಾತ್ರ ಸೇರಿದುದು, ವ್ರತಕ್ಕೆ ಸಂಬಂಧಿಸಿದುದಲ್ಲ ಎನ್ನುವವರು ಈ ಭಾಗವನ್ನು ಮತ್ತೊಮ್ಮೆ ಓದಬೇಕು. ಇಂದು ಪೊಟ್ಟಣದ ಮೇಲೆ ಹಸಿರು ಚುಕ್ಕೆ ಕಂಡೊಡನೆ ನಮ್ಮ ವಿಚಾರವು ಮುಗಿದುಹೋಗುತ್ತದೆ. ಆ ಚುಕ್ಕೆಯು ಮಾಂಸವಿಲ್ಲವೆಂಬುದನ್ನು ತಿಳಿಸುತ್ತದೆಯೇ ಹೊರತು ಈರುಳ್ಳಿ, ಬೆಳ್ಳುಳ್ಳಿ, ಆಲೂಗೆಡ್ಡೆಗಳಿಲ್ಲವೆಂದು ತಿಳಿಸುವುದಿಲ್ಲ. ಹಿಟ್ಟು ಬೀಸಿ ಎಷ್ಟು ದಿನವಾಯಿತೆಂಬುದನ್ನಂತೂ ತಿಳಿಸುವುದೇ ಇಲ್ಲ.

ಇನ್ನು ಹಣದ ಲೆಕ್ಕ. ಪೊಟ್ಟಣವು ಅಗ್ಗವೆಂದು ತೋರುವುದು ಅದನ್ನು ಒಂದೊಂದಾಗಿ ಕೊಳ್ಳುವುದರಿಂದ. ಪೊಟ್ಟಣದ ಹಿಂಬದಿಯಲ್ಲಿ ತೂಕವನ್ನು ಅಚ್ಚುಮಾಡಿರುತ್ತಾರೆ. 10 ರೂಪಾಯಿಯ ಪೊಟ್ಟಣದಲ್ಲಿ 25 ಗ್ರಾಂ ಇದ್ದರೆ ಕಿಲೋಗ್ರಾಮಿಗೆ 400 ರೂಪಾಯಿ ತೆತ್ತಂತಾಯಿತು. ಹುರಿಗಡಲೆಯಾಗಲಿ ನೆಲಗಡಲೆಯಾಗಲಿ ನಮ್ಮೂರ ಅಂಗಡಿಯಲ್ಲಿ ಇದರ ಅರ್ಧ ಬೆಲೆಗೇ ದೊರೆಯುತ್ತದೆ. (ನೆಲಗಡಲೆಯು ಮಣ್ಣಿನೊಳಗೆ ಬೆಳೆದರೂ ಬೀಜವೇ ಹೊರತು ಕಂದಮೂಲವಲ್ಲ.) ಸೇಬಿನೊಡನೆ ಹೋಲಿಸುವುದೂ ಸರಿಯಲ್ಲ. ಸೇಬು ತಿನ್ನದಿದ್ದರೆ ಆರೋಗ್ಯವಿಲ್ಲವೆಂದು ಯಾವ ಆಚಾರ್ಯರೂ ಹೇಳಿಲ್ಲ, ಯಾವ ವೈದ್ಯರೂ ಹೇಳಿಲ್ಲ; ನಮ್ಮ ಬಾಳೆಹಣ್ಣು, ಸೀಬೆಹಣ್ಣುಗಳೇನು ಕಡಿಮೆ?

ಆದರೂ ಎದುರು ಪಕ್ಷದಲ್ಲಿ ಸತ್ಯವಿಲ್ಲವೆಂದು ಹೇಳುವಂತಿಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು 10 ಶ್ರೀಮಂತ ದೇಶಗಳ 27 ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟಿಸಿದ ವಿಮರ್ಶೆಯ ಪ್ರಕಾರ, ಅತ್ಯಂತ ಆರೋಗ್ಯಕರವಾದ ಆಹಾರಕ್ರಮಕ್ಕೆ ಅತ್ಯಂತ ಕೆಟ್ಟದ್ದಕ್ಕಿಂತ ಒಬ್ಬರಿಗೆ ದಿನವೊಂದಕ್ಕೆ ಸುಮಾರು ಒಂದೂವರೆ ಡಾಲರು ಹೆಚ್ಚು ಖರ್ಚು. ಆದರೆ ಆಹಾರವರ್ಗಗಳ ಪೈಕಿ ಬೆಲೆಯ ಅಂತರವು ಎಲ್ಲಕ್ಕಿಂತ ಹೆಚ್ಚಾಗಿ ಕಂಡುಬಂದುದು ಮಾಂಸಾದಿಗಳಲ್ಲಿ. ಆ ವೆಚ್ಚವು ಶ್ರಾವಕನ ಮನೆಯಲ್ಲಿ ಮೊದಲೇ ಇಲ್ಲ. ನಮ್ಮಲ್ಲಿ ಬೇರೊಂದು ತೊಡಕುಂಟು. ಬಡವರ ಧಾನ್ಯವೆನಿಸಿದ್ದ ರಾಗಿಗೆ ಸರಕಾರವು 2024-25ರಲ್ಲಿ ಕ್ವಿಂಟಲಿಗೆ 4290 ರೂಪಾಯಿ ಬೆಂಬಲ ಬೆಲೆಯನ್ನು ಗೊತ್ತುಪಡಿಸಿತು. ಸಾಮಾನ್ಯ ಭತ್ತಕ್ಕೆ ಆ ವರ್ಷ 2300 ರೂಪಾಯಿ. ರೈತನಿಗೆ ಅದು ನ್ಯಾಯವೇ. ಆದರೆ ಮೈದಾ, ಸಕ್ಕರೆ, ತಾಳೆಎಣ್ಣೆಗಳಿಂದ ಹೊಟ್ಟೆ ತುಂಬಿಸುವುದು ಸುಲಭವಾಗಿ, ಬೇಳೆ, ತುಪ್ಪ, ಹಣ್ಣುಗಳು ಕೈಗೆ ನಿಲುಕದಾಗಿರುವುದನ್ನು ಅಲ್ಲಗಳೆಯಲಾರೆವು. ಅಗ್ಗವಾದುದರ ಉಳಿದ ಬೆಲೆಯನ್ನು ಆಮೇಲೆ ಔಷಧದ ಅಂಗಡಿಯಲ್ಲಿ ತೆರಬೇಕಾಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತೆ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ, ದೇಶದ ಒಟ್ಟು ರೋಗಭಾರದ ಶೇಕಡಾ 56.4ರಷ್ಟು ಅಹಿತವಾದ ಆಹಾರದಿಂದ ಉಂಟಾಗುತ್ತಿದೆಯೆಂದು ಅಂದಾಜಿದೆ.

ಇಷ್ಟಾದರೂ ಆ ಸಹೋದರಿಯ ಪ್ರಶ್ನೆಗೆ ನಿಜವಾದ ಉತ್ತರ ಬರಲಿಲ್ಲ. ಅದು ನನಗೆ ಹೊಳೆದದ್ದು ಮನೆಯ ಹಳೆಯ ಖರ್ಚಿನ ಪುಸ್ತಕಗಳನ್ನು ತೆರೆದಾಗ. 30 ವರ್ಷಕ್ಕೂ ಮೇಲ್ಪಟ್ಟು ನಾನು ಲೆಕ್ಕವನ್ನು ತಪ್ಪದೆ ಬರೆದಿದ್ದೇನೆ. ಬೇಳೆ, ಬೆಲ್ಲ, ತುಪ್ಪ, ಸೌದೆ, ಸೀಮೆಎಣ್ಣೆ, ಎಲ್ಲವೂ ಅಲ್ಲಿವೆ. ಈ ಪುಸ್ತಕಗಳ ಬಲದಿಂದಲೇ ನಾನು ಸಭೆಗಳಲ್ಲಿ "ಶುದ್ಧಾಹಾರವೇ ಅಗ್ಗ" ಎಂದು ಸಾಧಿಸುತ್ತಿದ್ದೆ. ಹಿಟ್ಟಿಗೆ ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಮರ್ಯಾದೆ. ಮಳೆಗಾಲದುದ್ದಕ್ಕೂ ಮೂರು ದಿನಕ್ಕೊಮ್ಮೆ ಬೀಸುಕಲ್ಲಿನ ಮುಂದೆ ಕುಳಿತವರು ನನ್ನ ಧರ್ಮಪತ್ನಿ. ಧಾನ್ಯವನ್ನು ಆರಿಸಿದವರು, ನೀರನ್ನು ಸೋಸಿ ಕಾಯಿಸಿದವರು, ಸೂರ್ಯಾಸ್ತಕ್ಕೆ ಮೊದಲು ಎರಡನೆಯ ಅಡುಗೆ ಮುಗಿಸಿದವರು ಅವರೇ. ಅವರ ಭುಜದ ನೋವಿಗೆ ಆ ಪುಸ್ತಕಗಳಲ್ಲಿ ಒಂದು ಸಾಲೂ ಇಲ್ಲ. ವ್ರತ ನನ್ನದು, ಅದರ ಬೆಲೆ ಕೊಟ್ಟವರು ಅವರು.

ಪೊಟ್ಟಣದವನು ಮಾರುವುದು ತಿಂಡಿಯನ್ನಲ್ಲ, ಈ ದುಡಿಮೆಯ ಬಿಡುಗಡೆಯನ್ನು. ಕಾರ್ಖಾನೆಯಿಂದ ಸಂಜೆ ಹೊರಬೀಳುವ ಶ್ರಾವಿಕೆಗೆ ಮನೆ ಸೇರುವಷ್ಟರಲ್ಲಿ ಕತ್ತಲಾಗುತ್ತದೆ. ರಾತ್ರಿಭೋಜನತ್ಯಾಗವನ್ನು ಉಳಿಸಿಕೊಳ್ಳಲು ಅವರು ಬಸ್ ನಿಲ್ದಾಣದಲ್ಲಿಯೇ ಪೊಟ್ಟಣವನ್ನು ಒಡೆಯುತ್ತಾರೆ! ವ್ರತವನ್ನು ಕಾಪಾಡುವುದಕ್ಕಾಗಿಯೇ ಅನಿಷ್ಟವನ್ನು ಸೇವಿಸಬೇಕಾಗಿ ಬಂದ ಈ ಸ್ಥಿತಿಯನ್ನು ಕಂಡು ಅವರನ್ನು ಆಕ್ಷೇಪಿಸಲು ನನಗೆ ನಾಲಗೆ ಏಳಲಿಲ್ಲ. ಬೆಳಿಗ್ಗೆ ಹುರಿಗಡಲೆ, ಬೆಲ್ಲ, ಎರಡು ಬಾಳೆಹಣ್ಣುಗಳನ್ನು ಅವರ ಚೀಲಕ್ಕೆ ಹಾಕಿಕೊಡುವವರು ಮನೆಯಲ್ಲಿ ಯಾರಾದರೂ ಇದ್ದರೆ ಸಾಕಿತ್ತು. ಗಂಡಸರಿಗೆ ಈ ಕೆಲಸ ಬಾರದೆ?

ಉಪವಾಸದ ಹೆಸರಿನಲ್ಲಿ ಆಗುವ ಖರ್ಚಿನ ಬಗ್ಗೆಯೂ ಒಂದು ಮಾತು. ಉಪವಾಸದಿಂದ ಉಳಿದುದಕ್ಕಿಂತ ಹೆಚ್ಚಾಗಿ ಪಾರಣೆಯ ಸಿಹಿತಿಂಡಿಗೆ ವೆಚ್ಚಮಾಡುವ ಪದ್ಧತಿ ಎಲ್ಲಿಂದ ಬಂದಿತೋ ಕಾಣೆ. ಬಾಹ್ಯತಪಸ್ಸುಗಳಲ್ಲಿ ಅನಶನದ ಬೆನ್ನಿಗೇ ಅವಮೌದರ್ಯವನ್ನೂ, ಮುಂದೆ ರಸಪರಿತ್ಯಾಗವನ್ನೂ ಹೇಳಲಾಗಿದೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಇವುಗಳಲ್ಲಿ ಒಂದನ್ನು ಒಂದು ದಿನ ಬಿಡಲು ಯಾರ ಬಳಿಯೂ ಹಣ ಕೇಳಬೇಕಾಗಿಲ್ಲ. ಹಾಗೆಂದು ನಮ್ಮವರ ಊಟ ಸಪ್ಪೆಯಾಗಿರಬೇಕೆಂದಲ್ಲ. ಕನ್ನಡದಲ್ಲಿ ಸೂಪಶಾಸ್ತ್ರವೆಂಬ ಪಾಕಗ್ರಂಥವನ್ನು ರಚಿಸಿದ ಮೂರನೆಯ ಮಂಗರಸನು ಜೈನಕವಿಯೇ.

ತ್ಯಾಗವು ಎರಡು ಬಗೆ: ಜೀವನಪರ್ಯಂತದ್ದು ಯಮ, ಕಾಲದ ಮಿತಿಯುಳ್ಳದ್ದು ನಿಯಮ. ಕೈ ಬಿಗಿಯಿರುವ ಮನೆಯವರು ಯಮಕ್ಕೆ ಹೆದರಿ ನಿಯಮವನ್ನೂ ಬಿಡಬಾರದು. ಆ ಸಹೋದರಿಯನ್ನು ಅನಂತ ಚತುರ್ದಶಿಯ ದಿನ ಮತ್ತೆ ಕಂಡು ಇದನ್ನೆಲ್ಲ ತಿಳಿಸಿದೆ. ಅವರು ಸ್ವಲ್ಪ ಯೋಚಿಸಿ, ಕಾರ್ತಿಕದ ನಂದೀಶ್ವರ ಅಷ್ಟಾಹ್ನಿಕ ಪರ್ವವು ಮುಗಿಯುವವರೆಗೆ ಮನೆಗೆ ಪೊಟ್ಟಣ ತರುವುದಿಲ್ಲವೆಂದು ನಿಯಮ ಮಾಡಿದರು. ಜೊತೆಗಿದ್ದ ಪತಿಯನ್ನು ನೋಡಿ, "ಬೆಳಿಗ್ಗೆ ಡಬ್ಬಿ ತುಂಬುವ ನಿಯಮ ಇವರದು, ಬರೆದುಕೊಳ್ಳಿ ಮೇಷ್ಟ್ರೇ" ಎಂದರು. ಅವರು ತಲೆಯಾಡಿಸಿದರು. ನಾನು ಎರಡನ್ನೂ ಬರೆದುಕೊಂಡೆ. ನನ್ನ ಮನೆಯಲ್ಲಿ ಅಂದಿನಿಂದ ಧಾನ್ಯ ಆರಿಸಿ ಹಿಟ್ಟು ಮಾಡುವ ಕೆಲಸ ನನ್ನದಾಗಿದೆ. ಬೀಸುಕಲ್ಲಿನ ಬದಲು ಈಗ ಸಣ್ಣ ವಿದ್ಯುತ್ ಯಂತ್ರವಿದೆ, ಆದರೆ ಕಲ್ಲು ಆರಿಸುವುದಕ್ಕೆ ನನ್ನ ಕನ್ನಡಕ ಸಾಲದೆ ಪತ್ನಿಯು ಎರಡನೆಯ ಬಾರಿ ನೋಡಿಯೇ ಒಳಗೆ ಸುರಿಯುತ್ತಾರೆ.